ಮಿಶ್ರ ಮೀನುತೊಟ್ಟಿ: ಸಿಹಿನೀರಿನಲ್ಲಿ ಒಟ್ಟಿಗೆ ಬಾಳುವ ಮೀನುಗಳ ಆಯ್ಕೆ

ಬೇರೆ ಬೇರೆ ಜಾತಿಯ ಮೀನುಗಳನ್ನು ಒಂದೇ ಗಾಜಿನ ತೊಟ್ಟಿಯಲ್ಲಿ ಕೂಡಿಸಿ ಸಾಕುವ ಪದ್ಧತಿಗೆ ಮಿಶ್ರ ಮೀನುತೊಟ್ಟಿ ಎನ್ನಬಹುದು. ಹವ್ಯಾಸಿಗಳ ಬಾಯಲ್ಲಿ ಇದು ಕಮ್ಯೂನಿಟಿ ಟ್ಯಾಂಕ್. ಮನೆಗಳಲ್ಲಿ, ಹೋಟೆಲುಗಳ ಗಲ್ಲಾ ಪಕ್ಕದಲ್ಲಿ, ದಂತವೈದ್ಯರ ಕಾಯುವ ಕೋಣೆಯಲ್ಲಿ ಕಾಣುವ ಅಕ್ವೇರಿಯಂಗಳಲ್ಲಿ ಹೆಚ್ಚಿನವು ಈ ಬಗೆಯವೇ. ಒಂದೇ ಜಾತಿಯ ತೊಟ್ಟಿಗಿಂತ ಇದು ನೋಡಲು ಚೆಂದ, ನಿಭಾಯಿಸಲು ಕಷ್ಟ. ಮೀನುಗಳ ಹೊಂದಾಣಿಕೆ ಎಂದಾಗ ಸಾಮಾನ್ಯವಾಗಿ ಅವುಗಳ ಸ್ವಭಾವವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಯಾವುದು ಸಾಧು, ಯಾವುದು ಜಗಳಗಂಟಿ ಎಂದು ಪಟ್ಟಿ ಮಾಡುತ್ತಾರೆ. ಇಂಥ ಪಟ್ಟಿಗಳು ಅರ್ಧ ದಾರಿಗಷ್ಟೇ ಒದಗುತ್ತವೆ. ಅದೇ ಎರಡು ಜಾತಿಗಳು ನಾಲ್ಕು ಅಡಿಯ ತೊಟ್ಟಿಯಲ್ಲಿ ತೆಪ್ಪಗಿದ್ದು, ಎರಡು ಅಡಿಯದರಲ್ಲಿ ಒಂದನ್ನೊಂದು ಕೊಂದಾವು. ಮರಿಯಿದ್ದಾಗ ಜೊತೆಯಾಗಿ ಬೆಳೆದವು ಮರಿ ಹಾಕುವ ಕಾಲಕ್ಕೆ ವೈರಿಗಳಾದಾವು. ಆದ್ದರಿಂದ ಮೊದಲು ನೀರು, ಆಮೇಲೆ ಬಾಯಿಯ ಅಳತೆ, ಆಮೇಲೆ ಸಂಖ್ಯೆ ಮತ್ತು ಜಾಗ, ಕೊನೆಗೆ ಸ್ವಭಾವ ಎಂಬ ಕ್ರಮದಲ್ಲಿ ಯೋಚಿಸುವುದು ಒಳ್ಳೆಯದು.

ಹಿನ್ನೆಲೆ

ಗಾಜಿನ ಪಾತ್ರೆಯಲ್ಲಿ ಹಲವು ಜೀವಿಗಳನ್ನು ಲೆಕ್ಕ ಹಾಕಿ ಕೂಡಿಸಿದ ಹೆಸರಾಂತ ಪ್ರಯೋಗ ನಡೆದದ್ದು ಲಂಡನ್ನಿನಲ್ಲಿ. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಹನ್ನೆರಡು ಗ್ಯಾಲನ್ ನೀರು ಹಿಡಿಯುವ ಪಾತ್ರೆಯಲ್ಲಿ ಎರಡು ಪುಟ್ಟ ಗೋಲ್ಡ್ ಫಿಶ್‌ಗಳನ್ನೂ ವ್ಯಾಲಿಸ್ನೇರಿಯ ಗಿಡವನ್ನೂ ಇಟ್ಟರು. ಗಿಡದ ಎಲೆಗಳು ಕೊಳೆತು ನೀರು ಕೆಟ್ಟಿತು. ಆಗ ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತ ಎಲೆಯನ್ನು ತಿಂದವು, ಅವುಗಳ ಮೊಟ್ಟೆಗಳನ್ನು ಮೀನುಗಳು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಈ ವರದಿ ಅಲ್ಲಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಬಿಸಿನಾಡಿನ ಮೀನುಗಳು ಯುರೋಪಿನ ತೊಟ್ಟಿಗಳನ್ನು ಸೇರಿದ್ದು ಅನಂತರ. ಪ್ಯಾರಿಸ್ಸಿನ ಪಿಯೆರ್ ಕಾರ್ಬೊನಿಯೆ 1869ರಲ್ಲಿ ಚೀನಾದಿಂದ ಬಂದ ಪ್ಯಾರಡೈಸ್ ಮೀನನ್ನು ಸಾಕಿ ಮರಿ ಮಾಡಿಸಿದರು. ಇಂದು ಮಿಶ್ರತೊಟ್ಟಿ ಎಂದೊಡನೆ ನೆನಪಾಗುವ ನಿಯಾನ್ ಟೆಟ್ರಾಗೆ ವೈಜ್ಞಾನಿಕ ಹೆಸರು ದೊರೆತದ್ದು 1936ರಲ್ಲಿ. ಅಮೆರಿಕದ ಮೀನುಸಾಕಣೆಯ ಬರಹಗಾರ ವಿಲಿಯಂ ಇನ್ನೆಸ್ ಅವರ ಗೌರವಾರ್ಥ ಅದಕ್ಕೆ ಇನ್ನೆಸಿ ಎಂದು ಹೆಸರಿಟ್ಟರು.

ಭಾರತದ ಪಾಲು ಇದಕ್ಕೂ ಹಳೆಯದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಪ್ರವಾಸ ಕಥನ ಬರೆದ ಫ್ರಾನ್ಸಿಸ್ ಬುಕಾನನ್ ಕನ್ನಡ ಓದುಗರಿಗೆ ಪರಿಚಿತ. ಮುಂದೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರು ತೊಟ್ಟ ಅವರೇ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥ ಪ್ರಕಟಿಸಿದರು. ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಹನಿ ಗೌರಾಮಿ, ಡ್ವಾರ್ಫ್ ಗೌರಾಮಿ ಈ ನಾಲ್ಕನ್ನೂ ವಿಜ್ಞಾನಕ್ಕೆ ಮೊದಲು ವರ್ಣಿಸಿದ್ದು ಆ ಗ್ರಂಥ. ಅದಕ್ಕೆ ಚಿತ್ರ ಬರೆದ ಹಾಲುದಾರ್ ಎಂಬ ಬಂಗಾಳಿ ಯುವಕನ ನೆನಪಿಗೆ 2013ರಲ್ಲಿ ಒಂದು ಕುಲಕ್ಕೆ ಹಾಲುದಾರಿಯ ಎಂದು ಹೆಸರಿಡಲಾಯಿತು. ಪಶ್ಚಿಮಘಟ್ಟದ ತೊರೆಗಳ ಮೆಲನ್ ಬಾರ್ಬ್ ಆ ಕುಲದ್ದು.

ನೀರು

ಒಂದೇ ತೊಟ್ಟಿಯಲ್ಲಿರುವ ಮೀನುಗಳಿಗೆ ಬೇರೆ ಬೇರೆ ಆಹಾರ ಕೊಡಬಹುದು, ಅಡಗಲು ಬೇರೆ ಬೇರೆ ಮೂಲೆ ಮಾಡಿಕೊಡಬಹುದು. ಬೇರೆ ಬೇರೆ ನೀರು ಕೊಡಲಾಗದು. ಅಮೆಜಾನ್ ಮೇಲ್ಭಾಗದ ನಿಯಾನ್ ಟೆಟ್ರಾ ಮತ್ತು ರಿಯೊ ನೀಗ್ರೊದ ಕಾರ್ಡಿನಲ್ ಟೆಟ್ರಾ ಹುಟ್ಟುವುದು ಕೊಳೆತೆಲೆಯ ಕಷಾಯದಂತಿರುವ ಮೆದು, ಆಮ್ಲೀಯ ನೀರಿನಲ್ಲಿ. ಗಪ್ಪಿ, ಪ್ಲಾಟಿ, ಮಾಲಿ ಮೊದಲಾದ ಮರಿ ಹಾಕುವ ಮೀನುಗಳಿಗೆ ಖನಿಜಾಂಶ ತುಂಬಿದ ಗಡಸು, ತುಸು ಕ್ಷಾರೀಯ ನೀರು ಹಿತ. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸುಪು ಬೇಕು. ಗೋಲ್ಡ್ ಫಿಶ್ ತಂಪು ನೀರಿನ ಕಾರ್ಪ್ ಜಾತಿಯದು, 18ರಿಂದ 22 ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗಿರುತ್ತದೆ, ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುತ್ತದೆ. ಗೋಲ್ಡ್ ಫಿಶ್ ಮತ್ತು ಏಂಜೆಲ್ ಮೀನನ್ನು ಒಂದೇ ಚೀಲದಲ್ಲಿ ಕಟ್ಟಿಕೊಡುವುದು ನಮ್ಮ ಅಂಗಡಿಗಳಲ್ಲಿ ಮಾಮೂಲು. ಅವು ಕಚ್ಚಾಡದೆ ಇರಬಹುದು, ಆದರೆ ಎರಡರಲ್ಲಿ ಒಂದಕ್ಕೆ ದಿನವೂ ಹಿಂಸೆ ತಪ್ಪದು.

ಕರ್ನಾಟಕದಲ್ಲಿ ಊರು ಬದಲಾದರೆ ನೀರಿನ ಗುಣವೂ ಬದಲು. ಬಯಲುಸೀಮೆಯ ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡಸು. ಗೀಸರಿನಲ್ಲಿ, ಪಾತ್ರೆಯ ತಳದಲ್ಲಿ ಬಿಳಿಪೊರೆ ಕಟ್ಟುವುದೇ ಅದಕ್ಕೆ ಸಾಕ್ಷಿ. ಕರಾವಳಿಯ ಜಂಬಿಟ್ಟಿಗೆ ನೆಲದ ತೆರೆದಬಾವಿ ನೀರು, ಮಲೆನಾಡಿನ ಒರತೆ ನೀರು ಮೆದು, ತುಸು ಆಮ್ಲೀಯ. ಕೋಲಾರದಲ್ಲಿ ಗಪ್ಪಿ ಸಾಕುವವರಿಗೆ ನೀರಿನ ಚಿಂತೆ ಕಡಿಮೆ. ಪುತ್ತೂರಿನಲ್ಲಿ ಟೆಟ್ರಾ ಸಾಕುವವರಿಗೂ ಹಾಗೆಯೇ. ಅದಲುಬದಲಾದರೆ ಆರ್‌ಓ ನೀರು ಬೆರೆಸುವ ಉಸಾಬರಿ ಶುರುವಾಗುತ್ತದೆ. ಬರಿಯ ಆರ್‌ಓ ನೀರಿನಲ್ಲಿ ಖನಿಜವೇ ಇಲ್ಲದ ಕಾರಣ ಅದರ ಪಿಎಚ್ ನಿಲ್ಲುವುದಿಲ್ಲ, ಅದನ್ನು ನಲ್ಲಿನೀರಿಗೆ ಬೆರೆಸಿಯೇ ಬಳಸಬೇಕು. ಮಾರುಕಟ್ಟೆಗೆ ಬರುವ ನಿಯಾನ್‌ಗಳಲ್ಲಿ ಹೆಚ್ಚಿನವು ಏಷ್ಯಾದ ಸಾಕಣೆ ಕೇಂದ್ರಗಳಲ್ಲಿ ಮರಿಯಾದವು. ನಡುಮಟ್ಟದ ಗಡಸುತನವನ್ನು ಅವು ತಾಳಿಕೊಳ್ಳುತ್ತವೆ ಎಂಬುದೂ ನಿಜ. ತೀರಾ ಗಡಸು ನೀರಿನಲ್ಲಿ ಮಾತ್ರ ಅವುಗಳ ಆಯಸ್ಸು ಕುಗ್ಗುತ್ತದೆ. ಮನೆಯ ನೀರಿಗೆ ತಕ್ಕ ಮೀನನ್ನು ಆರಿಸುವುದು, ಮೀನಿಗೆ ತಕ್ಕ ನೀರನ್ನು ತಯಾರಿಸುವುದಕ್ಕಿಂತ ಅಗ್ಗ ಮತ್ತು ಸುಭದ್ರ.

ಬೆಂಗಳೂರಿನ ಚಳಿಗಾಲದ ರಾತ್ರಿಗಳಲ್ಲಿ ಬಿಸಿನಾಡಿನ ಮೀನುಗಳ ತೊಟ್ಟಿಗೆ ಹೀಟರ್ ಬೇಕಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತೊಂದರೆ ತಿರುವುಮುರುವು. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30 ಡಿಗ್ರಿಗೆ ಬರುವಾಗ 7.5ಕ್ಕೆ ಇಳಿಯುತ್ತದೆ. ತುಂಬ ಮೀನು ಬಿಟ್ಟ ತೊಟ್ಟಿಯಲ್ಲಿ ಏಪ್ರಿಲ್ ತಿಂಗಳ ಸಾವುಗಳಿಗೆ ಇದೂ ಒಂದು ಕಾರಣ. ಗೌರಾಮಿ, ಬೆಟ್ಟಾ ಮೀನುಗಳು ಮೇಲಕ್ಕೆ ಬಂದು ಗಾಳಿಯನ್ನೇ ಗುಟುಕರಿಸುವುದರಿಂದ ಆ ಹೊತ್ತಿನಲ್ಲಿ ಬಚಾವಾಗುತ್ತವೆ.

ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ಸಾಯುವ ಮೀನುಗಳ ಹೊಣೆಯನ್ನು ಜೊತೆಗಾರರ ಮೇಲೆ ಹೊರಿಸುವುದುಂಟು. ನಿಜವಾದ ಕಾರಣ ಬಹುಮಟ್ಟಿಗೆ ಅಮೋನಿಯ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಮಿಕ್ಕ ಆಹಾರದಿಂದ ಬರುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟಾಗಿ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಅಂದರೆ ಗಡಸು, ಕ್ಷಾರೀಯ ನೀರಿನವರು ಇನ್ನಷ್ಟು ನಿಧಾನಿಸಬೇಕು. ನಲ್ಲಿನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯವನ್ನೂ ಮೀನಿನ ಕಿವಿರನ್ನೂ ಸುಡುವುದರಿಂದ ಸೋಡಿಯಂ ಥಯೊಸಲ್ಫೇಟ್ ಹಾಕಿ ಅದನ್ನು ಕಳೆಯುವುದು ವಾಡಿಕೆ.

ಬಾಯಿ, ಬಾಲ, ಹಿಂಡು

ಬಾಯಲ್ಲಿ ಹಿಡಿಸುವುದೆಲ್ಲ ಆಹಾರ. ಈ ಒಂದು ನಿಯಮಕ್ಕೆ ಅಪವಾದ ಕಡಿಮೆ. ಮಿಶ್ರತೊಟ್ಟಿಯ ಅತ್ಯಂತ ಜನಪ್ರಿಯ ಜೋಡಿಯಾದ ಏಂಜೆಲ್ ಮತ್ತು ನಿಯಾನ್ ಇದಕ್ಕೆ ನಿದರ್ಶನ. ಅಂಗಡಿಯಿಂದ ತಂದಾಗ ಏಂಜೆಲ್ ಮರಿ ಎರಡು ರೂಪಾಯಿ ನಾಣ್ಯದಷ್ಟಿರುತ್ತದೆ, ನಿಯಾನ್ ಅದರ ಮೂತಿಯ ಮುಂದೆಯೇ ಓಡಾಡಿದರೂ ಕ್ಯಾರೆ ಎನ್ನುವುದಿಲ್ಲ. ಏಳೆಂಟು ತಿಂಗಳಲ್ಲಿ ಅದರ ದೇಹ ಅಂಗೈಯಗಲ ಆಗುತ್ತದೆ. ದೀಪ ಆರಿದ ಮೇಲೆ ನಿಯಾನ್‌ಗಳು ಬಣ್ಣ ಮಾಸಿ, ಗಿಡದ ನಡುವೆ ಅಲ್ಲಾಡದೆ ನಿಂತು ವಿಶ್ರಮಿಸುತ್ತವೆ. ಬೆಳಗಿನ ಮೊದಲ ಬೆಳಕಿಗೆ ಏಂಜೆಲ್ ಅವುಗಳಿಗಿಂತ ಮೊದಲೇ ಚುರುಕಾಗುತ್ತದೆ. ಹೊಡೆದಾಟದ ಗುರುತಿಲ್ಲ, ಹರಿದ ರೆಕ್ಕೆಯಿಲ್ಲ, ಹೆಣವೂ ಇಲ್ಲ. ಹತ್ತಿದ್ದ ನಿಯಾನ್ ಎಂಟಾಗಿರುತ್ತವೆ ಅಷ್ಟೆ. ಏಂಜೆಲ್ ಇದರಲ್ಲಿ ದುಷ್ಟತನವೇನನ್ನೂ ಮಾಡಲಿಲ್ಲ. ಅದರ ತವರಿನ ಹೊಳೆಗಳಲ್ಲಿ ಪುಟ್ಟ ಟೆಟ್ರಾಗಳು ಅದರ ಸಹಜ ಬೇಟೆ. ಏಂಜೆಲ್ ಜೊತೆಗೆ ಟೆಟ್ರಾ ಬೇಕೇಬೇಕೆಂದರೆ ದಪ್ಪದೇಹದ ಬ್ಲ್ಯಾಕ್ ವಿಡೊ ಟೆಟ್ರಾದಂಥವನ್ನು ನೋಡಬಹುದಿತ್ತು, ಆದರೆ ಅದು ಏಂಜೆಲ್‌ನ ಉದ್ದ ರೆಕ್ಕೆಯನ್ನೇ ಚಿವುಟುತ್ತದೆ.

ಗಾತ್ರದಲ್ಲಿ ಚಿಕ್ಕದು ಸಾಧು ಎಂಬ ನಂಬಿಕೆಯನ್ನು ಕೆಡವಲು ನಮ್ಮ ನಾಡಿನದೇ ಉದಾಹರಣೆಯಿದೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳಲ್ಲಿ ಸಿಗುವ ಪೀ ಪಫರ್ ಮೂರು ಸೆಂಟಿಮೀಟರ್ ಆಚೀಚೆ ಬೆಳೆಯುವ ಮುದ್ದುಮುಖದ ಮೀನು. ಅದರ ಎರಡು ಕಣ್ಣುಗಳೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಗಾಜಿನ ಹತ್ತಿರ ಹೋದರೆ ಬಂದವರನ್ನೇ ತಪಾಸಣೆ ಮಾಡುವಂತೆ ನೋಡುತ್ತದೆ. ಬಸವನಹುಳುವಿನ ಚಿಪ್ಪು ಒಡೆಯಲು ಮಾಡಿಸಿಟ್ಟಂಥ ಹಲ್ಲು ಅದಕ್ಕಿದೆ. ಗಪ್ಪಿ ಬಾಲ, ಬೆಟ್ಟಾದ ರೆಕ್ಕೆ ಆ ಹಲ್ಲಿಗೆ ಸಿಕ್ಕರೆ ಒಂದೆರಡು ದಿನದಲ್ಲಿ ಜಾಲರಿಯಾಗುತ್ತದೆ. ಅದನ್ನು ತನ್ನ ಜಾತಿಯವರ ಜೊತೆ ಮಾತ್ರ ಬಿಡುವುದು ಕ್ಷೇಮ.

ಥಾಯ್ಲೆಂಡಿನ ಬೆಟ್ಟಾ ಕುರಿತು ವಾದಗಳು ಮುಗಿಯುವುದಿಲ್ಲ. ಎರಡು ಗಂಡು ಬೆಟ್ಟಾಗಳು ಒಂದೇ ತೊಟ್ಟಿಯಲ್ಲಿ ಸಲ್ಲ, ಇದರಲ್ಲಿ ಎರಡು ಮಾತಿಲ್ಲ. ಒಂಟಿ ಗಂಡು ಮಾತ್ರ ಕೋರಿಡೊರಾಸ್, ಕುಹ್ಲಿ ಲೋಚ್‌ಗಳಂಥ ತಳದ ಮೀನುಗಳ ಜೊತೆ ಹಾಯಾಗಿರಬಲ್ಲದು. ಬಣ್ಣದ ದೊಡ್ಡ ಬಾಲ ಬೀಸುವ ಗಂಡು ಗಪ್ಪಿಯನ್ನು ಅದು ಎದುರಾಳಿ ಬೆಟ್ಟಾ ಎಂದೇ ಭಾವಿಸಿ ಮೇಲೆರಗುತ್ತದೆ. ಹಾಗೆಂದು ಬೆಟ್ಟಾ ಯಾವಾಗಲೂ ಹೊಡೆಯುವವನ ಪಾತ್ರದಲ್ಲೇ ಇರುವುದಿಲ್ಲ. ಟೈಗರ್ ಬಾರ್ಬ್ ಹಿಂಡಿನ ನಡುವೆ ಸಿಕ್ಕಿದ ಬೆಟ್ಟಾ ರೆಕ್ಕೆ ಕಳಕೊಂಡು ಮೂಲೆ ಸೇರುತ್ತದೆ.

ಟೈಗರ್ ಬಾರ್ಬ್ ವಿಷಯದಲ್ಲಿ ಸಂಖ್ಯೆಯ ಮಹತ್ವ ಚೆನ್ನಾಗಿ ಕಾಣುತ್ತದೆ. ಎರಡು ಮೂರು ತಂದು ಬಿಟ್ಟರೆ ಅವು ತೊಟ್ಟಿಯಲ್ಲಿರುವ ಎಲ್ಲರ ಬಾಲ ಚಿವುಟುತ್ತವೆ. ಹತ್ತು ಬಿಟ್ಟರೆ ಆ ಅಟ್ಟಾಟ ಬಹುಪಾಲು ತಮ್ಮತಮ್ಮಲ್ಲೇ ನಡೆಯುತ್ತದೆ. ಯಾರು ಮೇಲು ಎಂದು ತೀರ್ಮಾನಿಸುವುದರಲ್ಲೇ ಅವುಗಳ ದಿನ ಮುಗಿಯುತ್ತದೆ. ಟೆಟ್ರಾ, ರಾಸ್ಬೋರಾ, ಡ್ಯಾನಿಯೊ, ಕೋರಿಡೊರಾಸ್ ಇವೆಲ್ಲ ಹಿಂಡುಮೀನುಗಳು, ಕನಿಷ್ಠ ಆರು ಇರಬೇಕು. ಜಾತಿಗೆ ಒಂದು ಜೋಡಿಯಂತೆ ಹತ್ತು ಬಣ್ಣ ಆರಿಸಿಕೊಳ್ಳುವ ನಮ್ಮ ಅಭ್ಯಾಸ, ಅಂಗಡಿಯವರಿಗೂ ಒಪ್ಪಿಗೆಯಾದ ಈ ನೋಹನ ನಾವೆಯ ಪದ್ಧತಿ, ಮಿಶ್ರತೊಟ್ಟಿಯ ಅತಿ ದೊಡ್ಡ ದೋಷ. ಹಿಂಡು ತಪ್ಪಿದ ಟೆಟ್ರಾ ಬಣ್ಣ ಕಳೆದುಕೊಂಡು ಗಿಡದ ಹಿಂದೆ ಅವಿತಿರುತ್ತದೆ. ಹೆದರಿಕೆಗೆ ರಾಸಾಯನಿಕ ಮಾರ್ಗವೂ ಒಂದಿದೆ. ಬಾರ್ಬ್, ಟೆಟ್ರಾ, ಲೋಚ್‌ಗಳ ಗುಂಪಿನ ಮೀನಿನ ಚರ್ಮ ಹರಿದಾಗ ಎಚ್ಚರಿಕೆಯ ದ್ರವ್ಯವೊಂದು ನೀರಿಗೆ ಸೇರಿ ಉಳಿದವು ಬೆದರುತ್ತವೆ ಎಂದು ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ತೋರಿಸಿದರು. ಒಂದು ಮೀನಿನ ಗಾಯ ಹಾಗೆ ಇಡೀ ತೊಟ್ಟಿಯ ನೆಮ್ಮದಿ ಕೆಡಿಸೀತು.

ಗಪ್ಪಿ, ಪ್ಲಾಟಿಗಳ ಲೆಕ್ಕ ಬೇರೆ. ಅಲ್ಲಿ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು. ಇಲ್ಲವಾದರೆ ಬಿಡುವಿಲ್ಲದ ಬೆನ್ನಟ್ಟುವಿಕೆಯಿಂದ ಹೆಣ್ಣು ಸೊರಗುತ್ತದೆ. ಬರಿಯ ಗಂಡುಗಳನ್ನೇ ಸಾಕಿದರೆ ತಿಂಗಳು ತಿಂಗಳೂ ಮರಿ ಹಂಚುವ ತಾಪತ್ರಯವೂ ಇಲ್ಲ.

ಮೇಲು, ನಡು, ತಳ ಎಂದು ಮೂರು ಮಜಲುಗಳಿಗೆ ಮೀನು ಹಂಚುವ ಸಲಹೆ ಎಲ್ಲ ಕೈಪಿಡಿಗಳಲ್ಲೂ ಇದೆ, ಸರಿಯಾಗಿಯೂ ಇದೆ. ತಳದವರ ಬಗ್ಗೆ ಒಂದೇ ಎಚ್ಚರ ಸಾಕು: ಕೋರಿಡೊರಾಸ್ ತನ್ನ ಮೀಸೆಯಿಂದ ನೆಲ ತಡವಿ ಆಹಾರ ಹುಡುಕುತ್ತದೆ, ಚೂಪುಕಲ್ಲಿನ ಹಾಸಿನ ಮೇಲೆ ಆ ಮೀಸೆ ಸವೆದುಹೋಗುತ್ತದೆ. ಅದಕ್ಕೆ ನಯವಾದ ಮರಳೇ ಆಗಬೇಕು. ಮೇಲಿನವರು ಬಿಟ್ಟ ಎಂಜಲು ತಿಂದು ಬದುಕುತ್ತದೆ ಎಂದು ಬಿಟ್ಟುಬಿಡದೆ ಮುಳುಗುವ ಗುಳಿಗೆ ಹಾಕಬೇಕು.

ಮರಿಯ ಮೋಸ

ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಸುತ್ತ ಅಕ್ವೇರಿಯಂ ಅಂಗಡಿಗಳಿವೆ. ರಾಜ್ಯದ ಅಂಗಡಿಗಳಿಗೆ ಬರುವ ಮೀನಿನಲ್ಲಿ ದೊಡ್ಡ ಪಾಲು ಚೆನ್ನೈನ ಕೊಳತ್ತೂರಿನ ಸಗಟು ಮಾರುಕಟ್ಟೆಯಿಂದ ಇಳಿಯುತ್ತದೆ. ಅಲ್ಲಿ ಮಾರಾಟಕ್ಕಿರುವುದೆಲ್ಲ ಮರಿಗಳು. ಬೆರಳುದ್ದದ ಬೂದುಬಣ್ಣದ ‘ಶಾರ್ಕ್’ ಹಿಂಡು ಅತ್ತಿಂದಿತ್ತ ಓಡುವುದನ್ನು ನೋಡಿ ಮಕ್ಕಳು ಹಟ ಹಿಡಿಯುತ್ತಾರೆ. ಅದು ಶಾರ್ಕ್ ಅಲ್ಲ, ಮೆಕಾಂಗ್ ಮತ್ತು ಚಾವೊ ಪ್ರಾಯ ನದಿಗಳ ಪಂಗಾಸಿಯಸ್. ಬಾಸಾ ಎಂಬ ಹೆಸರಿನಲ್ಲಿ ಹೋಟೆಲಿನ ತಟ್ಟೆಗೆ ಬರುವುದು ಹೆಚ್ಚಾಗಿ ಇದೇ. ಒಂದು ಮೀಟರ್ ದಾಟಿ ಬೆಳೆಯಬಲ್ಲದು. ಕೆಂಪು ಹೊಟ್ಟೆಯ ರೂಪ್‌ಚಂದ್ ಪಿರಾನಾದ ನೆಂಟ, ಇದೂ ಕೆರೆಯಲ್ಲಿ ಸಾಕಿ ತಿನ್ನುವ ಮೀನು. ದಕ್ಷಿಣ ಅಮೆರಿಕದ ಆಸ್ಕರ್ ಒಂದಡಿ ಬೆಳೆದು ಜೊತೆಗಾರರನ್ನೆಲ್ಲ ನುಂಗುತ್ತದೆ. ಗಾಜು ಕ್ಲೀನ್ ಮಾಡುತ್ತದೆಂದು ಕೊಡುವ ಸಕರ್ ಮೀನು ಒಂದೂವರೆ ಅಡಿ ತಲುಪುತ್ತದೆ, ಪಾಚಿ ಬಿಟ್ಟು ಉಳಿದದ್ದನ್ನು ಹೆಚ್ಚು ತಿನ್ನುತ್ತದೆ. ಚೈನೀಸ್ ಆಲ್ಗೀ ಈಟರ್ ಬೆಳೆದ ಮೇಲೆ ಪಾಚಿಯನ್ನು ಮರೆತು ಏಂಜೆಲ್, ಡಿಸ್ಕಸ್‌ಗಳಂಥ ಚಪ್ಪಟೆ ಮೀನುಗಳ ಮೈಗೆ ಅಂಟಿ ಲೋಳೆ ಹೀರುತ್ತದೆ. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, ಎಷ್ಟು ಉದ್ದ ಬೆಳೆಯುತ್ತದೆ ಎಂಬುದು.

ಜಾಗದ ಲೆಕ್ಕಕ್ಕೆ ಗ್ಯಾಲನ್ನಿಗೆ ಒಂದಿಂಚು ಮೀನು ಎಂಬ ಹಳೆಯ ಸೂತ್ರ ಈಗಲೂ ಓಡಾಡುತ್ತಿದೆ. ಹತ್ತಿಂಚಿನ ಒಂದು ಆಸ್ಕರ್ ಮಾಡುವ ಹೊಲಸೂ ಒಂದಿಂಚಿನ ಹತ್ತು ನಿಯಾನ್ ಮಾಡುವುದೂ ಒಂದೇ ಎಂದು ಅದು ಭಾವಿಸುತ್ತದೆ, ಆದ್ದರಿಂದ ಚಿಕ್ಕ ಮೀನುಗಳಾಚೆ ಅದು ಕೆಲಸಕ್ಕೆ ಬಾರದು. ನಮ್ಮಲ್ಲಿ ತೊಟ್ಟಿಯನ್ನು ಅಡಿಯಲ್ಲಿ ಅಳೆಯುತ್ತಾರೆ: 2×1×1 ಅಡಿಯ ತೊಟ್ಟಿಯಲ್ಲಿ 56 ಲೀಟರ್ ಹಿಡಿಯುತ್ತದೆ, ಮರಳು, ಕಲ್ಲು ಹಾಕಿ ಮೇಲೆ ತುಸು ಖಾಲಿ ಬಿಟ್ಟರೆ 45 ಉಳಿದೀತು.

ಸಿಕ್ಲಿಡ್‌ಗಳು

ಸಿಕ್ಲಿಡ್ ಕುಟುಂಬದ ಮೀನುಗಳು ಮೊಟ್ಟೆ, ಮರಿಗಳನ್ನು ಕಾಯುತ್ತವೆ. ಮಿಶ್ರತೊಟ್ಟಿಯಲ್ಲಿ ಅವುಗಳ ಗದ್ದಲಕ್ಕೆ ಈ ವಾತ್ಸಲ್ಯವೇ ಮೂಲ. ಪಶ್ಚಿಮ ಆಫ್ರಿಕದ ಕ್ರಿಬೆನ್ಸಿಸ್ ಜೋಡಿ ಉಳಿದ ದಿನಗಳಲ್ಲಿ ಸಾಧು, ಮೊಟ್ಟೆಯಿಟ್ಟ ದಿನದಿಂದ ತಳದ ಅರ್ಧ ಭಾಗ ತನ್ನದೆನ್ನುತ್ತದೆ. ಮಲಾವಿ ಸರೋವರದ ಬಣ್ಣದ ಸಿಕ್ಲಿಡ್‌ಗಳನ್ನು ಸಾಕುವವರು ಬೇಕೆಂದೇ ತೊಟ್ಟಿ ತುಂಬ ಮೀನು ಬಿಡುತ್ತಾರೆ. ಹೊಡೆತ ಒಂದೇ ಮೀನಿನ ಪಾಲಾಗದೆ ಎಲ್ಲರಿಗೂ ಹಂಚಿಹೋಗಲಿ ಎಂಬುದು ಅದರ ಹಿಂದಿನ ಲೆಕ್ಕ, ಅದಕ್ಕೆ ದೊಡ್ಡ ಫಿಲ್ಟರ್ ಬೇಕು. ವಾಸ್ತುವಿನ ಹೆಸರಿನಲ್ಲಿ ಮಾರಾಟವಾಗುವ ಫ್ಲವರ್‌ಹಾರ್ನ್ ಮಲೇಷ್ಯಾದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಮಿಶ್ರತಳಿ. ಅದಕ್ಕೆ ಒಡನಾಡಿಗಳೇ ಬೇಡ.

ಭಾರತದ ಸಹಜ ಸಿಕ್ಲಿಡ್‌ಗಳು ಮೂರೇ. ಅವುಗಳಲ್ಲಿ ಕೆನರಾ ಕ್ರೊಮೈಡ್ ದಕ್ಷಿಣ ಕನ್ನಡದ ಸಿಹಿನೀರ ಹೊಳೆಗಳದು, ಹೆಸರಿನಲ್ಲೇ ಊರಿದೆ. ಹಿನ್ನೀರಿನ ಆರೆಂಜ್ ಕ್ರೊಮೈಡ್ ತನ್ನ ದೊಡ್ಡ ಬಂಧು ಗ್ರೀನ್ ಕ್ರೊಮೈಡ್‌ನ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವುದು ದಾಖಲಾಗಿದೆ. ಎರಡು ಜಾತಿಗಳು ಒಂದನ್ನೊಂದು ಸಹಿಸುವುದಕ್ಕಿಂತ ಮುಂದೆ ಹೋಗಿ ಒಂದಕ್ಕೊಂದು ಒದಗುವ ಇಂಥ ನಂಟು ಸಿಹಿನೀರಿನಲ್ಲಿ ಅಪರೂಪ.

ಕೆಲವು ಜೋಡಣೆಗಳು

ಎರಡು ಅಡಿಯ ತೊಟ್ಟಿ, ಗಡಸು ನೀರು: ಎಂಟು ಗಂಡು ಗಪ್ಪಿ, ಜೊತೆಗೆ ಪಾಚಿ ಮೇಯಲು ಬಸವನಹುಳುಗಳು. ಇಷ್ಟೇ ಸಾಕು, ಪೇಲವವೆನಿಸಿದರೆ ಗಿಡ ಹೆಚ್ಚಿಸುವುದು ಮೇಲು. ಅದೇ ತೊಟ್ಟಿ, ಮೆದು ನೀರು: ಹತ್ತು ನಿಯಾನ್ ಮತ್ತು ಒಂದು ಜೋಡಿ ಹನಿ ಗೌರಾಮಿ. ತುಸು ದೊಡ್ಡ ತೊಟ್ಟಿಯಾದರೆ ಆರು ಕೋರಿಡೊರಾಸ್ ಸೇರಿಸಬಹುದು. ಡ್ವಾರ್ಫ್ ಗೌರಾಮಿ ಹೆಚ್ಚು ಬಣ್ಣದ್ದಾದರೂ ಸಾಕಣೆ ತಳಿಗಳಲ್ಲಿ ವೈರಸ್ ರೋಗವೊಂದು ವ್ಯಾಪಕವಾಗಿದೆ, ಹನಿ ಗೌರಾಮಿಗೆ ನನ್ನ ಮತ. ಹೀಟರ್ ಇಲ್ಲದ ಬೆಂಗಳೂರಿನ ಮನೆಗೆ ಮೂರಡಿಯ ತೊಟ್ಟಿಯಲ್ಲಿ ರೋಸಿ ಬಾರ್ಬ್ ಮತ್ತು ಜೀಬ್ರಾ ಡ್ಯಾನಿಯೊ ಹಿಂಡುಗಳು ಹೇಳಿಮಾಡಿಸಿದ ಜೋಡಿ. ಎರಡೂ ಚುರುಕು, ಎರಡೂ 18 ಡಿಗ್ರಿಗೆ ಜಗ್ಗುವುದಿಲ್ಲ.

ನಾಲ್ಕಡಿ ಅಥವಾ ಅದಕ್ಕೂ ದೊಡ್ಡ ತೊಟ್ಟಿಯಿದ್ದವರು ಸಹ್ಯಾದ್ರಿಯ ತೊರೆಯೊಂದನ್ನೇ ಮನೆಯಲ್ಲಿ ಕಟ್ಟಬಹುದು. ದುಂಡುಕಲ್ಲು, ಹರಿವು ಕೊಡುವ ಪಂಪು, ಧಾರಾಳ ಆಮ್ಲಜನಕ, 22ರಿಂದ 25 ಡಿಗ್ರಿಯ ನೀರು. ನಡುನೀರಿಗೆ ಆರೆಂಟು ಡೆನಿಸನ್ ಬಾರ್ಬ್: ಮದ್ರಾಸಿನ ಗವರ್ನರ್ ವಿಲಿಯಂ ಡೆನಿಸನ್ ಹೆಸರು ಹೊತ್ತು 1865ರಲ್ಲಿ ವರ್ಣಿತವಾದ ಈ ಮೀನು ಮಾರುಕಟ್ಟೆಯಲ್ಲಿ ಮಿಸ್ ಕೇರಳ, ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳದು. ಅದಕ್ಕೆ ಜೊತೆಯಾಗಿ ಮೆಲನ್ ಬಾರ್ಬ್ ಹಿಂಡು. ತಳಕ್ಕೆ ಆರು ಪಟ್ಟೆ ಲೋಚ್, ಅಂದರೆ ಬೋಟಿಯ ಸ್ಟ್ರಯೇಟ. ಇದನ್ನು 1920ರಲ್ಲಿ ಮೈಸೂರು ಸಂಸ್ಥಾನದ ತುಂಗಾ ನದಿಯಿಂದ ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿವಿಜ್ಞಾನಿ ಸಿ. ಆರ್. ನಾರಾಯಣ ರಾವ್, ಮುಂದೆ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರಾದವರು. ಡೆನಿಸನ್ ಬಾರ್ಬ್ ಮತ್ತು ಪಟ್ಟೆ ಲೋಚ್ ಎರಡೂ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದಂಚಿನಲ್ಲಿವೆ. ಅಲಂಕಾರಕ್ಕಾಗಿ ಹಿಡಿದದ್ದೇ ಡೆನಿಸನ್ ಕ್ಷೀಣಿಸಲು ಮುಖ್ಯ ಕಾರಣಗಳಲ್ಲೊಂದು. ಸಾಕಣೆಯಲ್ಲಿ ಮರಿಯಾದವು ಸಿಗದಿದ್ದರೆ ಈ ಜೋಡಣೆಯನ್ನು ಕೈಬಿಡುವುದೇ ಸರಿ.

ಬಿಡುವ ಕ್ರಮ

ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಬೇಕು. ಬಿಳಿಚುಕ್ಕೆ ರೋಗದ ಪರೋಪಜೀವಿ ಮೀನಿನ ಮೈಬಿಟ್ಟು ತಳಕ್ಕಿಳಿದು ನೂರಾರು ಮರಿಗಳಾಗಿ ಒಡೆಯುತ್ತದೆ, ಒಂದು ಮೀನಿನ ಮೇಲಿನ ನಾಲ್ಕು ಚುಕ್ಕೆಗೆ ಇಡೀ ತೊಟ್ಟಿ ಬಲಿಯಾದೀತು. ಅಂಜುವ ಹಿಂಡುಮೀನುಗಳನ್ನು ಮೊದಲು, ಜಾಗ ಹಿಡಿಯುವ ಗೌರಾಮಿ, ಸಿಕ್ಲಿಡ್‌ಗಳನ್ನು ಕೊನೆಗೆ ಬಿಡಬೇಕು. ಹಳಬರು ಆಗಲೇ ಗಡಿ ಹಾಕಿಕೊಂಡಿದ್ದರೆ ಕಲ್ಲು, ಕಟ್ಟಿಗೆಗಳ ಜಾಗ ಬದಲಿಸಿ ಆಮೇಲೆ ಹೊಸಬರನ್ನು ಬಿಡುತ್ತಾರೆ. ಎಲ್ಲರೂ ಹೊಸದಾಗಿ ಜಾಗ ಹುಡುಕುವ ಗಡಿಬಿಡಿಯಲ್ಲಿ ಹೊಸಬರ ಮೇಲಿನ ಹೊಡೆತ ಕಡಿಮೆಯಾಗುತ್ತದೆ.

ಇಷ್ಟಾದರೂ ಹೊಂದದ ಮೀನನ್ನು ಅಂಗಡಿಗೆ ಮರಳಿಸಬೇಕು ಇಲ್ಲವೆ ಇನ್ನೊಬ್ಬ ಹವ್ಯಾಸಿಗೆ ಕೊಡಬೇಕು. ಪುಣ್ಯದ ಕೆಲಸವೆಂದು ಕೆರೆಗೆ ಬಿಡುವವರಿದ್ದಾರೆ. ದಕ್ಷಿಣ ಭಾರತದ ಕೆರೆ, ನದಿಗಳಲ್ಲಿ ಸಕರ್ ಮೀನು ಬೀಡುಬಿಟ್ಟಿರುವುದಕ್ಕೆ ಅಲಂಕಾರ ಮೀನಿನ ವ್ಯಾಪಾರವೇ ಮೂಲ. ಅದು ದಡದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ, ಹೊಟ್ಟೆಯ ಮೂಲಕ ಗಾಳಿ ಉಸಿರಾಡಿ ನೀರಿಲ್ಲದೆಯೂ ಗಂಟೆಗಟ್ಟಲೆ ಬದುಕುತ್ತದೆ, ಅದರ ಮುಳ್ಳಿಗೆ ಸಿಕ್ಕಿ ಮೀನುಗಾರರ ಬಲೆ ಹರಿಯುತ್ತದೆ, ಸಂತೆಯಲ್ಲಿ ಅದನ್ನು ಕೊಳ್ಳುವವರೂ ಇಲ್ಲ.